ಪೊಲೀಸಿಗೆ ಎರಡು ಪಟ್ಟು

ಅಕ್ಕಯ್ಯಮ್ಮ ಊರಿಗೆ ಹೊರಟವಳು ಸೀದಾ ಹೊರಟಿದ್ದರೆ ಏನೂ ಆಗುತ್ತಿರಲಿಲ್ಲ. ಬೀದಿಯ ಏಳು ಮನೆಗೂ ಹೋಗಿ, "ಬರ್ತೀನಮ್ಮ" ಅಂತ ಹೇಳಿ, ಏಳು ಮನೆಯಲ್ಲೂ ಎಲೆ ಅಡಿಕೆ ಹಾಕಿಕೊಂಡು ವಾಪಸ್ಸು ಬರುವ ಹೊತ್ತಿಗೆ ದಿಬ್ಬೂರಹಳ್ಳಿ ಬಸ್ಸಿಗೆ ಹತ್ತೇ ನಿಮಿಷ ಉಳಿದಿತ್ತು.

"ನಲ್ಲಪ್ಪಾ, ಬಸ್ಸು ಹೋಗ್ಬಿಡ್ತದೆ ಕಣಪ್ಪ. ನಿನ್ ಸೈಕಲ್ ಮೇಲೆ ಕೂರಿಸ್ಕೊಂಡು ಬಿಟ್ಬಿಡು."

ನಲ್ಲಪ್ಪ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಿದ್ದವನು ಅಲ್ಲೇ ನಿಂತ.

"ಚಿಕ್ಕಮ್ಮಾ, ಡಬಲ್ ರೈಡು ತಪ್ಪು. ಸೈಕಲ್ ಮೇಲೆ ಇಬ್ರು ಕೂತ್ರೆ ಕೇಸು."

"ಕೇಸ್ ಹಾಕೋನು ಯಾರು?"

"ನಾನೇ."

"ಮತ್ತೆ? ನೀನ್ ಹಾಕ್ಬೇಡ. ಹೊರಡು."

ಒಳಗಿನಿಂದ ಹೆಂಡತಿ ಲಕ್ಷ್ಮಿದೇವಮ್ಮ ಕೂಗಿ ಹೇಳಿದಳು: "ಇವತ್ತು ಬಸ್ ತಪ್ಪಿದ್ರೆ ಇನ್ನು ನಾಳೇನೇ ರೀ. ನಾಳೆ ನಮ್ ಚಿಕ್ಕಮ್ಮ ಮತ್ತೆ ಏಳು ಮನೆಗೂ ಹೋಗ್ತಾರೆ." ನಲ್ಲಪ್ಪ ಸೈಕಲ್ಲು ತೆಗೆದ.

ನಲ್ಲಪ್ಪ ಪೊಲೀಸ್ ಪೇದೆ. ಚಿಂತಾಮಣಿ ಕಡೆಯಿಂದ ಬಂದು ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರಕ್ಕೆ ಹೋಗುವ ಸಣ್ಣ ರೈಲಿನ ದಾರಿಯಲ್ಲಿದ್ದ ಊರೊಂದರಲ್ಲಿ ಅವನ ಠಾಣೆ. ಊರಿನ ಹೆಸರು ಬೇಡ. ಇದರಲ್ಲಿ ಬರುವವರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ಇದು ನಡೆದದ್ದು ಐವತ್ತೊಂಬತ್ತನೇ ಇಸವಿಯಲ್ಲಿ. ಆ ಊರಿನಲ್ಲಿ ಕೊಲೆಯಿಲ್ಲ, ದರೋಡೆಯಿಲ್ಲ. ರೇಷ್ಮೆಗೂಡು ತೂಕ ಮಾಡುವಾಗ ಆಗುವ ಜಗಳ ಬಿಟ್ಟರೆ ಪೊಲೀಸರಿಗೆ ಸಿಗುತ್ತಿದ್ದುದು ಸೈಕಲ್ ಕೇಸು ಒಂದೇ. ಒಂಬತ್ತು ವರ್ಷದ ಸರ್ವೀಸಿನಲ್ಲಿ ನಲ್ಲಪ್ಪ ಹಿಡಿದ ಡಬಲ್ ರೈಡಿಗೆ ಲೆಕ್ಕವಿಲ್ಲ. ಸ್ವಂತ ಭಾವಮೈದನನ್ನೇ ಹಿಡಿದು ಕೋರ್ಟಿಗೆ ನಿಲ್ಲಿಸಿದ್ದ. ಲಂಚ ಮುಟ್ಟುತ್ತಿರಲಿಲ್ಲ. ಯಾರಾದರೂ ಬಾಳೆಹಣ್ಣು ಕೊಟ್ಟರೂ ತಿನ್ನುವ ಮುಂಚೆ ಎರಡು ಸಲ ಸುತ್ತ ನೋಡುತ್ತಿದ್ದ.

ಅಂಥವನು ಅಂದು ಬೆಳಿಗ್ಗೆ, ಹಿಂದೆ ಅಕ್ಕಯ್ಯಮ್ಮನನ್ನೂ, ಅವಳ ತೊಡೆಯ ಮೇಲೆ ಒಂದು ಸಿಹಿಗುಂಬಳವನ್ನೂ ಕೂರಿಸಿಕೊಂಡು, ಹೊಸ ಎತ್ತಿನ ಹಾಗೆ ಅಡ್ಡಾದಿಡ್ಡಿ ತುಳಿಯುತ್ತ ಹೊರಟ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಯಾರೂ ಇಲ್ಲ ಎಂದುಕೊಂಡ. ಮುಂದೆ ನೋಡುವುದೊಂದು ಮರೆತಿತ್ತು. ಆಸ್ಪತ್ರೆ ತಿರುವಿನಲ್ಲಿ, ಹತ್ತೇ ಮಾರು ದೂರದಲ್ಲಿ, ಕೊಡೆ ಊರಿಕೊಂಡು ಹೊಸ ಮ್ಯಾಜಿಸ್ಟ್ರೇಟರು ನಡೆದು ಬರುತ್ತಿದ್ದರು.

ನಲ್ಲಪ್ಪನ ಕಾಲು ಪೆಡಲಿನ ಮೇಲೆ ಕಲ್ಲಾಯಿತು. ಆದರೂ ಅಭ್ಯಾಸಬಲ; ಬಲಗೈ ತಾನಾಗಿ ಮೇಲೆದ್ದು ಸಲ್ಯೂಟು ಹೊಡೆಯಿತು. ಒಂದು ಕೈ ಬಿಟ್ಟದ್ದೇ ಸೈಕಲ್ಲು ಚರಂಡಿ ಕಡೆ ವಾಲಿತು. "ಅಯ್ಯಯ್ಯೋ, ಬೀಳ್ಸಿದ್ಯಲ್ಲೋ!" ಎಂದು ಅಕ್ಕಯ್ಯಮ್ಮ ಅವನ ಕತ್ತಿಗೆ ಜೋತುಬಿದ್ದಳು. ಮ್ಯಾಜಿಸ್ಟ್ರೇಟರು ನಿಂತು, ಕಣ್ಣು ಕಿರಿದು ಮಾಡಿ ಅವರಿಬ್ಬರನ್ನೂ ಕುಂಬಳಕಾಯಿಯನ್ನೂ ನೋಡಿದರು. ಏನೂ ಹೇಳದೆ ಮುಂದಕ್ಕೆ ಹೋದರು.

ಬೈದಿದ್ದರೆ ನಲ್ಲಪ್ಪನಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಏಕೆಂದರೆ ಹಿಂದಿನ ವಾರವಷ್ಟೇ ಅದೇ ಮ್ಯಾಜಿಸ್ಟ್ರೇಟರು ತುಂಬಿದ ಕೋರ್ಟಿನಲ್ಲಿ ಒಂದು ತೀರ್ಪು ಹೇಳಿದ್ದರು. ಬೇರೆ ಯಾವುದೋ ಠಾಣೆಯ ಪೇದೆಯೊಬ್ಬ ಕುಡಿದು ಸಂತೆಯಲ್ಲಿ ಗಲಾಟೆ ಮಾಡಿದ್ದ. ಜೊತೆಯಲ್ಲಿದ್ದ ರೈತನಿಗೆ ಹದಿನೈದು ದಿನ ಕೊಟ್ಟು, ಪೇದೆಗೆ ಮೂವತ್ತು ದಿನ ಕೊಟ್ಟರು. "ಕಾನೂನು ತಿಳಿಯದವನು ತಪ್ಪಿದರೆ ಒಂದು ಶಿಕ್ಷೆ. ಕಾನೂನು ಕಾಯಲು ಸಂಬಳ ತೆಗೆದುಕೊಳ್ಳುವವನು ತಪ್ಪಿದರೆ ಅದರ ಎರಡು ಪಟ್ಟು" ಎಂದರು. ಅಂದಿನಿಂದ ಊರಿನಲ್ಲಿ ಎಲ್ಲಿ ನೋಡಿದರೂ ಅದೇ ಮಾತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬಿಟ್ಟುಕೊಂಡು ವಾದ ಮಾಡಿದವರಿದ್ದರು.

ಹನ್ನೊಂದು ಗಂಟೆಗೆ ಠಾಣೆಗೆ ಕೋರ್ಟಿನ ಜವಾನ ಬಂದ.

"ನಲ್ಲಪ್ಪ ಯಾರು? ಸಾಹೇಬ್ರು ಕರೀತಾರೆ. ಹೆಸರು ಹಿಡಿದು ಕೇಳಿದ್ರು."

ನಲ್ಲಪ್ಪ ಎದ್ದು ನಿಂತ. ಟೋಪಿ ಹಿಂದುಮುಂದಾಗಿ ಹಾಕಿಕೊಂಡ. ತೆಗೆದು ಸರಿಮಾಡಿಕೊಂಡು ಹೊರಟ.

ಮ್ಯಾಜಿಸ್ಟ್ರೇಟರು ಕೋರ್ಟಿನ ಹಿಂದಿನ ಕೋಣೆಯಲ್ಲಿ ಕೂತು ಲಕೋಟೆಯೊಂದಕ್ಕೆ ಅರಗು ಹಾಕಿ ಮುದ್ರೆ ಒತ್ತುತ್ತಿದ್ದರು. ಮೇಲೊಂದು, ಕೆಳಗೊಂದು, ಎರಡು ಮುದ್ರೆ. ಮುಖವೆತ್ತಿ ಕೇಳಿದರು: "ನೀನೇ ಏನು ನಲ್ಲಪ್ಪ?"

"ಹೌದು ಸ್ವಾಮಿ."

"ಹೂಂ. ನಿನ್ನ ವಿಷಯ ಎಲ್ಲ ವಿಚಾರಿಸಿದ್ದೇನೆ." ಲಕೋಟೆಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು. "ಇದು ಗೋಪ್ಯ. ಈಗಿನ ರೈಲಿಗೇ ಹೋಗಿ ಸರ್ಕಲ್ ಇನ್ಸ್‌ಪೆಕ್ಟರ ಕೈಗೇ ಕೊಡು. ಬೇರೆ ಯಾರಿಗೂ ಕೊಡಕೂಡದು. ಉತ್ತರ ತೆಗೆದುಕೊಂಡು ಸಂಜೆ ನನ್ನ ಮನೆಗೆ ಬಾ. ನಿನ್ನ ಮುಂದಿನ ಸರ್ವೀಸೆಲ್ಲ ಆ ಉತ್ತರದ ಮೇಲೆ ನಿಂತಿದೆ."

ನಲ್ಲಪ್ಪ ಲಕೋಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಹೊರಗೆ ಬಂದ. ಅಂಗಳದ ಬೇವಿನ ಮರ, ಅದರ ಕೆಳಗೆ ಕೂತ ಕಕ್ಷಿದಾರರು, ಎಲ್ಲ ಒಂದು ಸುತ್ತು ತಿರುಗಿದ ಹಾಗಾಯಿತು. ತನ್ನ ಶಿಕ್ಷೆಯನ್ನು ತನ್ನ ಕೈಯಲ್ಲೇ ಕೊಟ್ಟು, ತನ್ನ ಕಾಲಲ್ಲೇ ನಡೆಸಿ ಕಳಿಸುತ್ತಿದ್ದಾರೆ. ಇಬ್ಬರು ಹೆಣ್ಣುಮಕ್ಕಳು, ಪೊಲೀಸ್ ಲೈನಿನ ಒಂದೂವರೆ ಕೋಣೆಯ ಮನೆ, ಇನ್ನೂ ಇಪ್ಪತ್ತು ವರ್ಷ ಇದ್ದ ನೌಕರಿ, ಎಲ್ಲವೂ ಆ ಲಕೋಟೆಯೊಳಗೆ ಮಡಿಸಿಟ್ಟ ಹಾಗೆ ಕಂಡಿತು.

ರೈಲಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಸೈಕಲ್ಲನ್ನು ಗೆಳೆಯ ಲಾಲ್ ಬಾಷಾನ ಹತ್ತಿರ ಬಿಡೋಣವೆಂದು ಆ ಕಡೆ ತಳ್ಳಿಕೊಂಡು ಹೋದ, ಹತ್ತುವ ಧೈರ್ಯವಿರಲಿಲ್ಲ. ಸ್ಟೇಷನ್ ದಾರಿಯಲ್ಲೇ ಲಾಲ್ ಬಾಷಾನ ರೇಷ್ಮೆ ನೂಲು ತೆಗೆಯುವ ಕೊಟ್ಟಿಗೆ. ಒಳಗೆ ಗೂಡು ಬೇಯಿಸುವ ಬಿಸಿನೀರಿನ ಬಾಣಲೆಗಳು ಸಾಲಾಗಿ ಕುದಿಯುತ್ತಿದ್ದವು. ಅದರ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಂಡು ಓಡುತ್ತಾರೆ. ನಲ್ಲಪ್ಪನಿಗೆ ಅಂದು ಮೂಗಿದೆಯೆಂಬುದೂ ನೆನಪಿರಲಿಲ್ಲ.

"ಅರೆ ನಲ್ಲಪ್ಪಣ್ಣ, ಯಾಕೆ ಮುಖ ಹಿಂಗೆ? ಜ್ವರಾನಾ?" ಎಂದ ಲಾಲ್ ಬಾಷಾ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೋನಪ್ಪ ಕೂತಿದ್ದ. ಕೋನಪ್ಪ ವಕೀಲರೊಬ್ಬರ ಗುಮಾಸ್ತ. ವಕೀಲರಿಗಿಂತ ತನಗೇ ಹೆಚ್ಚು ಕಾನೂನು ಗೊತ್ತೆಂದು ಹೇಳಿಕೊಳ್ಳುತ್ತಿದ್ದ. ವಕೀಲರು ಅದನ್ನು ಅಲ್ಲಗಳೆದದ್ದನ್ನು ಯಾರೂ ಕೇಳಿರಲಿಲ್ಲ, ಏಕೆಂದರೆ ಅವರು ಹೆಚ್ಚಾಗಿ ಊರಿನಲ್ಲಿರುತ್ತಿರಲಿಲ್ಲ.

ನಲ್ಲಪ್ಪ ಎಲ್ಲ ಹೇಳಿಬಿಟ್ಟ.

"ಹೋಗ್ಲಿ ಬಿಡಣ್ಣ," ಎಂದ ಲಾಲ್ ಬಾಷಾ. "ಒಂದ್ ಮುದುಕೀನ ಬಸ್ಸಿಗೆ ಬಿಟ್ರೆ ಅದೇನ್ ಖೂನ್ ಮಾಡ್ದಂಗಾ? ನಿಮ್ಗೆ ಕೊಡೋ ಸಂಬಳಾನೂ ಎರಡು ಪಟ್ಟು ಕೊಡ್ತಾರಾ, ಶಿಕ್ಷೆ ಮಾತ್ರ ಎರಡು ಪಟ್ಟು ಕೊಡಕ್ಕೆ?"

ಕೋನಪ್ಪ ತಲೆಯಾಡಿಸಿದ. "ಅಂಗಲ್ಲ ಬಾಷಾ. ಕಾನೂನಲ್ಲಿ ನೋಡೋದು ಯಾರು ಮಾಡಿದ್ದು ಅಂತ. ಇವನು ಬೇರೆಯವರನ್ನ ಹಿಡಿಯೋನು. ಇವನೇ ಮಾಡಿದ್ರೆ ಅದು ನಂಬಿಕೆ ದ್ರೋಹ. ಕೆಲಸ ಹೋಗೋದಂತೂ ಹೋಯ್ತು. ಪಿಂಚಣಿ ಉಳಿಸ್ಕೊಳ್ಳೋಕೆ ಏನಾದ್ರೂ ದಾರಿ ಇದ್ಯಾ ನೋಡ್ಬೇಕು. ಎಲ್ಲಿ, ಆ ಲಕೋಟೆ ಕೊಡು."

"ಅಯ್ಯೋ, ಗೋಪ್ಯ ಕಣಪ್ಪ! ಒಡೆಯಂಗಿಲ್ಲ."

"ಒಡೀತೀನಿ ಅಂದ್ನಾ? ಬೆಳಕಿಗೆ ಹಿಡಿದು ನೋಡ್ತೀನಿ, ಅಷ್ಟೇ." ನಲ್ಲಪ್ಪನ ಕೈಯಿಂದ ಲಕೋಟೆ ಅದಾಗಲೇ ಕೋನಪ್ಪನ ಕೈಗೆ ಹೋಗಿತ್ತು. ಬೆಳಕು ಬರುತ್ತಿದ್ದದ್ದು ಕಿಟಕಿಯಿಂದ. ಕಿಟಕಿ ಇದ್ದದ್ದು ಕುದಿಯುವ ಬಾಣಲೆಯ ಮೇಲೆ. ಕೋನಪ್ಪ ಲಕೋಟೆಯನ್ನು ಹಾಗೆ ಹಿಡಿದು, ಹೀಗೆ ಹಿಡಿದು, ಕಣ್ಣು ಹತ್ತಿರ ತಂದು, ದೂರ ಮಾಡಿ, ಬಹಳ ಹೊತ್ತು ನೋಡಿದ. ಹಬೆ ಸುತ್ತಿ ಸುತ್ತಿ ಮೇಲೇಳುತ್ತಿತ್ತು.

ನಲ್ಲಪ್ಪ ಗೋಡೆಯ ಕಡೆ ತಿರುಗಿ ನಿಂತ. "ನಾನ್ ನೋಡಲ್ಲಪ್ಪ. ನಂಗೇನೂ ಗೊತ್ತಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಅದೇ ಗೋಡೆಗೆ ಮುಖ ಮಾಡಿಕೊಂಡು ಕೇಳಿದ: "ಏನಾದ್ರೂ ಕಾಣ್ತಾ?"

"ಕಾಣ್ತು," ಎಂದ ಕೋನಪ್ಪ. "ಬಾಯಿ ಬಿಡ್ತು ನೋಡು, ತಾನೇ."

ನಲ್ಲಪ್ಪ ತಿರುಗಿ ನೋಡಿದರೆ ಅರಗು ಬೆಲ್ಲದ ಪಾಕದ ಹಾಗೆ ಜಾರಿ ಲಕೋಟೆಯ ಮಡಿಕೆ ಮೇಲೆದ್ದಿತ್ತು. "ಒಡೆದದ್ದು ನಾವಲ್ಲ, ಹಬೆ," ಎಂದು ತೀರ್ಪು ಕೊಟ್ಟು ಕೋನಪ್ಪ ಕಾಗದ ಹೊರಗೆಳೆದ. ಕಾಗದ ಇಂಗ್ಲಿಷಿನಲ್ಲಿತ್ತು. ಅದೂ ಮ್ಯಾಜಿಸ್ಟ್ರೇಟರ ಸ್ವಂತ ಕೈಬರಹ. ಇರುವೆ ಮಸಿಯಲ್ಲಿ ಬಿದ್ದು ಎದ್ದು ಓಡಿದ ಹಾಗೆ.

ಕೋನಪ್ಪನ ಇಂಗ್ಲಿಷು ಅಚ್ಚಾದ ಫಾರಂಗಳ ಮಟ್ಟದ್ದು. ಅದನ್ನು ಒಪ್ಪಿಕೊಳ್ಳುವವನು ಅವನಲ್ಲ. ಗಂಟಲು ಸರಿಮಾಡಿಕೊಂಡು, ಬೆರಳಿಟ್ಟು, ಗೊತ್ತಿದ್ದ ಪದ ಬಂದಲ್ಲಿ ನಿಲ್ಲುತ್ತ ಓದಿದ.

"'ಕಾನ್‌ಸ್ಟೇಬಲ್ ನಲ್ಲಪ್ಪ'... ನಿನ್ ಹೆಸರು ಐತೆ. ಮುಂದೆ ಏನೋ ಐತೆ, ಬಿಡು. 'ಬ್ರೋಕನ್.' ಅಂದ್ರೆ ಮುರಿದದ್ದು. ಕಾನೂನು ಮುರಿದ ಅಂತ. ಆಮೇಲೆ 'ಡಬಲ್'..."

"ಡಬಲ್ಲಾ?" ಎಂದ ನಲ್ಲಪ್ಪ.

"ಡಬಲ್ಲೇ. ಡಬಲ್ ರೈಡು, ಇನ್ನೇನು? ಆಮೇಲೆ ಇಲ್ಲಿ ನೋಡು, 'ಪನಿಷ್‌ಮೆಂಟ್'."

ಲಾಲ್ ಬಾಷಾ "ಯಾ ಅಲ್ಲಾ" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡ. ನಲ್ಲಪ್ಪ ಗೂಡಿನ ಮೂಟೆಯ ಮೇಲೆ ಕುಸಿದು ಕೂತ.

ದೂರದಲ್ಲಿ ರೈಲು ಕೂಗಿತು. ಈಗ ಮೂವರಿಗೂ ಗಾಬರಿಯಾಯಿತು. ಲಕೋಟೆ ಮುಚ್ಚಬೇಕಲ್ಲ! ಲಾಲ್ ಬಾಷಾ ಒಲೆಯ ಕೆಂಡ ತಂದ. ಅರಗನ್ನು ಮತ್ತೆ ಕರಗಿಸಿದರು. ಮುದ್ರೆ ಎಲ್ಲಿಂದ ತರುವುದು? ಮುದ್ರೆಯಲ್ಲಿದ್ದದ್ದು ಎರಡು ತಲೆಯ ಹಕ್ಕಿ. ಕೋನಪ್ಪನ ಕಣ್ಣು ನಲ್ಲಪ್ಪನ ಎದೆಯ ಮೇಲೆ ಬಿತ್ತು.

"ನಿನ್ ಗುಂಡೀಲೂ ಅದೇ ಹಕ್ಕಿ ಐತಲ್ಲೋ! ಬಗ್ಗು."

ಬಿಚ್ಚುವಷ್ಟು ಹೊತ್ತಿರಲಿಲ್ಲ. ನಲ್ಲಪ್ಪ ಮೈಮೇಲಿದ್ದ ಅಂಗಿಯ ಸಮೇತ ಬಗ್ಗಿ, ಎದೆಯ ಮೇಲಿನ ಗುಂಡಿಯನ್ನು ಬಿಸಿ ಅರಗಿಗೆ ಎರಡು ಸಲ ಒತ್ತಿದ. ಎರಡನೇ ಸಲ "ಅಮ್ಮಾ" ಎಂದ. ಅರಗು ಅಂಗಿ ದಾಟಿ ಒಳಗೂ ಮುಟ್ಟಿತ್ತು. ಲಕೋಟೆಯ ಮೇಲೆ ಹಕ್ಕಿ ಮೂಡಿತು. ಮೊದಲಿನ ಹಕ್ಕಿಗಿಂತ ಸಣ್ಣದು, ಮರಿ ಅನ್ನಬಹುದು.

"ಒಂದ್ ಮಾತು ಕೇಳು," ಎಂದು ಕೋನಪ್ಪ ಅವನ ಜೊತೆ ಓಡುತ್ತಲೇ ಹೇಳಿದ. "ಲಕೋಟೆ ಕೊಡೋ ಮುಂಚೇನೇ ತಪ್ಪು ಒಪ್ಕೊಂಬಿಡು. ತಾನಾಗಿ ಒಪ್ಕೊಂಡೋನಿಗೆ ಶಿಕ್ಷೆ ಇಳಿಸ್ತಾರೆ. ಅದು ಕಾನೂನು."

ಆ ಸಣ್ಣ ರೈಲು ಹೊಲದ ಬದುವಿನ ಮೇಲೆ ದಾರಿ ತಡಕಿಕೊಂಡು ಹೋಗುವ ಮುದುಕನ ಹಾಗೆ ಹೋಗುತ್ತಿತ್ತು. ಹೊರಗೆ ಹಿಪ್ಪುನೇರಳೆ ತೋಟ, ರಾಗಿ ಹೊಲ. ನಲ್ಲಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡು ಮೂಲೆಯಲ್ಲಿ ಕೂತ. ಗುಂಡಿಗೆ ಹತ್ತಿದ ಅರಗನ್ನು ಉಗುರಿನಿಂದ ಕೆರೆದರೆ ಅದು ಅಂಗಿಗೂ ಹರಡಿತು. ಎದುರಿಗೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಮಾರಿ ಖಾಲಿ ಮಂಕರಿ ಇಟ್ಟುಕೊಂಡಿದ್ದ ಕದಿರಮ್ಮನೆಂಬ ಹೆಂಗಸು, ಪಕ್ಕದಲ್ಲಿ ಕೆಂಚಾರ್ಲಹಳ್ಳಿಯ ಮೇಷ್ಟ್ರು ರಾಮಾಂಜಿನಪ್ಪ. ಇಬ್ಬರೂ ಅದೇ ತೀರ್ಪಿನ ವಿಷಯ ಮಾತಾಡುತ್ತಿದ್ದರು.

"ಎರಡು ಪಟ್ಟು ಸಾಲ್ದು ಮೇಷ್ಟ್ರೇ," ಎಂದಳು ಕದಿರಮ್ಮ. "ನಾವು ಗೊತ್ತಿಲ್ದೆ ಮಾಡ್ತೀವಿ, ಅವ್ರು ಗೊತ್ತಿದ್ದೂ ಮಾಡ್ತಾರೆ. ನಮ್ ಊರಲ್ಲಿ ಕಳ್ಳ ಬಂದ್ರೆ ಪೊಲೀಸಪ್ಪನ್ನ ಕರೀತೀವಿ. ಪೊಲೀಸಪ್ಪನೇ ಕಳ್ಳ ಆದ್ರೆ ಯಾರ್ನ ಕರೀಬೇಕು? ಹೇಳಿ, ಯಾರ್ನ ಕರೀಬೇಕು?"

"ಅದು ಸರಿಯಮ್ಮ," ಎಂದರು ಮೇಷ್ಟ್ರು ನಿಧಾನವಾಗಿ. "ಆದ್ರೆ ತಪ್ಪು ಒಂದೇ ಆದ್ಮೇಲೆ ಅಳತೆ ಎರಡು ಇಟ್ರೆ ಅದೂ ನ್ಯಾಯ ಆಗಲ್ಲ. ಶಿಕ್ಷೆ ಹೆಚ್ಚಾದಷ್ಟೂ ತಪ್ಪು ಮಾಡೋದು ನಿಲ್ಲಲ್ಲ, ಮುಚ್ಚಿಡೋದು ಹೆಚ್ಚಾಗ್ತದೆ. ಸ್ಕೂಲಲ್ಲಿ ದಿನಾ ನೋಡ್ತೀನಿ. ಬೆತ್ತ ದಪ್ಪ ಆದಷ್ಟೂ ಮಕ್ಕಳ ಸುಳ್ಳೂ ದಪ್ಪ ಆಗ್ತದೆ."

"ಇಲ್ಲೇ ಕೂತವ್ರಲ್ಲ, ಅವರನ್ನೇ ಕೇಳಣ. ಏನಪ್ಪಾ ಪೊಲೀಸಪ್ಪ, ನೀನೇನಂತೀಯ?"

ಡಬ್ಬಿಯ ಕಣ್ಣೆಲ್ಲ ಅವನ ಮೇಲೆ ತಿರುಗಿತು. ನಲ್ಲಪ್ಪ ಬಹಳ ಯೋಚಿಸಿ, "ಒಂದೂವರೆ ಪಟ್ಟು ಆದ್ರೆ ತಡ್ಕೋಬೌದು," ಎಂದ. ಎಲ್ಲರೂ ನಕ್ಕರು. ಅವನೊಬ್ಬ ನಗಲಿಲ್ಲ.

ಸರ್ಕಲ್ ಇನ್ಸ್‌ಪೆಕ್ಟರು ತಮ್ಮ ಕಚೇರಿಯಲ್ಲಿ ಊಟ ಮುಗಿಸಿ ಕುರ್ಚಿಯಲ್ಲಿ ಒರಗಿದ್ದರು. ದೊಡ್ಡ ಮೀಸೆ, ದೊಡ್ಡ ಹೊಟ್ಟೆ, ದೊಡ್ಡ ದನಿ. ನಲ್ಲಪ್ಪ ಸಲ್ಯೂಟು ಹೊಡೆದವನೇ, ಕೋನಪ್ಪ ಹೇಳಿಕೊಟ್ಟ ಹಾಗೆ ಒಂದೇ ಉಸಿರಿಗೆ ಶುರುಮಾಡಿದ:

"ಸ್ವಾಮಿ, ತಪ್ಪಾಯ್ತು. ಇವತ್ತು ಬೆಳಿಗ್ಗೆ ನಾನು ಡಬಲ್ ರೈಡು ಮಾಡ್ದೆ. ನನ್ ಹೆಂಡ್ತಿ ಚಿಕ್ಕಮ್ಮನ್ನ ಬಸ್ಸಿಗೆ ಬಿಟ್ಟೆ. ಹೆಣ್ಣುಮಕ್ಕಳಿಬ್ರು ಇದ್ದಾರೆ, ಕೆಲಸ ತೆಗೀಬೇಡಿ."

ಇನ್ಸ್‌ಪೆಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇದನ್ನ ಹೇಳೋಕೆ ರೈಲ್ ಹತ್ಕೊಂಡು ಬಂದ್ಯೇನೋ?"

"ಹೌದು ಸ್ವಾಮಿ. ಅಲ್ಲ ಸ್ವಾಮಿ. ಇದೂ ಇದೆ," ಎಂದು ಲಕೋಟೆ ಮುಂದಿಟ್ಟ.

"ನಿನ್ನಂಥ ಗುಗ್ಗು ಇಲಾಖೇಲಿ ಇನ್ನೊಬ್ಬ ಇರಲ್ಲ ಕಣೋ," ಎಂದು ಇನ್ಸ್‌ಪೆಕ್ಟರು ಹೊಟ್ಟೆ ಕುಣಿಸಿ ನಕ್ಕರು. "ಮೊನ್ನೆ ಮದುವೆಗೆ ನಾನು ಇಲಾಖೆ ಜೀಪಲ್ಲಿ ಹದಿಮೂರು ಜನ ತುಂಬ್ಕೊಂಡು ಹೋಗಿದ್ದೆ. ನಾನ್ ಯಾರ ಹತ್ರ ಹೋಗಿ ಅಳಬೇಕು?"

ನಗುತ್ತಲೇ ಲಕೋಟೆ ಹರಿದು ಕಾಗದ ಓದತೊಡಗಿದರು. ನಲ್ಲಪ್ಪನಿಗೆ ಜೀವ ಬಂದಂತಾಯಿತು. ಆದರೆ ಓದುತ್ತ ಓದುತ್ತ ಇನ್ಸ್‌ಪೆಕ್ಟರ ನಗು ಮೀಸೆಯೊಳಗೆ ಹೋಗಿ ಅಡಗಿತು. ಕಾಗದ ಕೆಳಗಿಟ್ಟು ಲಕೋಟೆಯ ಮೇಲಿನ ಮುದ್ರೆ ನೋಡಿದರು. ನಲ್ಲಪ್ಪನ ಗುಂಡಿ ನೋಡಿದರು. ಮತ್ತೆ ಮುದ್ರೆ ನೋಡಿದರು. ಪಕ್ಕದ ಮೇಜಿನ ರೈಟರನ್ನು ಹೊರಗೆ ಕಳಿಸಿ, ತಾವೇ ಎದ್ದು ಬಾಗಿಲು ಹಾಕಿಕೊಂಡು ಬಂದರು.

"ನಿಂಗೆ ಇಂಗ್ಲಿಷ್ ಬರ್ತದಾ?"

"ಇಲ್ಲ ಸ್ವಾಮಿ."

"ಕೇಳು, ಏನ್ ಬರೆದವ್ರೆ ಅಂತ. 'ನಾನು ಮೇಲಧಿಕಾರಿಗಳಿಗೆ ನಿಮ್ಮ ಕಚೇರಿಯ ಮೂಲಕ ಕಳಿಸುವ ಗೋಪ್ಯ ಲಕೋಟೆಗಳನ್ನು ದಾರಿಯಲ್ಲಿ ಯಾರೋ ಒಡೆದು ಓದುತ್ತಿದ್ದಾರೆ. ಅವನ್ನು ಒಯ್ಯುವ ಪೇದೆಗಳ ಮೇಲೆ ನನಗೆ ಗುಮಾನಿ. ಆದ್ದರಿಂದ ಬಹಳ ಪ್ರಾಮಾಣಿಕನೆಂದು ಎಲ್ಲರೂ ಹೇಳುವ ಕಾನ್‌ಸ್ಟೇಬಲ್ ನಲ್ಲಪ್ಪನ ಕೈಯಲ್ಲಿ ಇದನ್ನು ಪರೀಕ್ಷೆಗಾಗಿ ಕಳಿಸಿದ್ದೇನೆ. ಇದರಲ್ಲಿ ಬೇರೆ ವಿಷಯ ಏನೂ ಇಲ್ಲ. ಮುದ್ರೆ ಸರಿಯಾಗಿದ್ದರೆ ಇವನಿಗೆ ಬಡ್ತಿಗೆ ಶಿಫಾರಸು ಮಾಡುತ್ತೇನೆ. ಮುದ್ರೆ ಒಡೆದಿದ್ದರೆ, ಪೊಲೀಸನಾದ್ದರಿಂದ, ಎರಡು ಪಟ್ಟು ಶಿಕ್ಷೆ ಕೊಡಿಸತಕ್ಕದ್ದು.'"

ನಲ್ಲಪ್ಪನ ಕಿವಿಯಲ್ಲಿ ಗುಂಯ್ ಎಂದಿತು. ಸೈಕಲ್ಲಿನ ಮಾತು ಒಂದಕ್ಷರವಿಲ್ಲ. ಬರೆದಿದ್ದ ಡಬಲ್ಲು ಬೇರೆ, ತಾವು ಓದಿಕೊಂಡ ಡಬಲ್ಲು ಬೇರೆ. ಇನ್ನು ನಿಲ್ಲಲಾರದೆ ಅವನು ಎಲ್ಲವನ್ನೂ ಹೇಳಿಬಿಟ್ಟ. ಬಾಣಲೆ, ಹಬೆ, ಕೋನಪ್ಪ, ಗುಂಡಿ, ಒಂದೂ ಬಿಡಲಿಲ್ಲ.

"ಬರಕೊಳ್ಳಿ ಸ್ವಾಮಿ. ಎರಡು ಪಟ್ಟೇ ಬರಕೊಳ್ಳಿ. ನಂಗಿನ್ನು ಈ ಭಯ ತಡ್ಕೊಳ್ಳೋಕಾಗಲ್ಲ," ಎಂದು ಟೋಪಿ ತೆಗೆದು ಮೇಜಿನ ಮೇಲಿಟ್ಟ.

ಆದರೆ ಇನ್ಸ್‌ಪೆಕ್ಟರು ಬರೆದುಕೊಳ್ಳಲಿಲ್ಲ. ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ನಲ್ಲಪ್ಪನಿಗೆ ಮೊದಲು ಅದು ಸೆಖೆಯದೆನ್ನಿಸಿತು.

"ಟೋಪಿ ಹಾಕ್ಕೊ," ಎಂದರು ಸಣ್ಣ ದನಿಯಲ್ಲಿ. ಆ ದೊಡ್ಡ ದನಿ ಎಲ್ಲಿ ಹೋಯಿತೋ. "ನಿನ್ ಮೇಲೆ ಬರೆದ್ರೆ ವಿಚಾರಣೆ ಆಗ್ತದೆ. ವಿಚಾರಣೆ ಆದ್ರೆ ಹಿಂದಿನ ಲಕೋಟೆಗಳ ವಿಷಯಾನೂ ತೆಗೀತಾರೆ. ಅವನ್ನ ತಂದ ಪೇದೆಗಳನ್ನ ಕರೆದು ಕೇಳ್ತಾರೆ. ಅವ್ರು ಯಾರೂ ಒಡೆದಿಲ್ಲ."

"ಮತ್ತೆ ಯಾರು ಸ್ವಾಮಿ?"

ಇನ್ಸ್‌ಪೆಕ್ಟರು ಮೇಜಿನ ಖಾನೆ ಎಳೆದು ತೋರಿಸಿದರು. ಒಳಗೆ ಒಂದು ಅರಗಿನ ಕಡ್ಡಿ, ಮೇಣದ ಬತ್ತಿ, ತೆಳ್ಳನೆಯ ಒಂದು ಚಾಕು.

"ಮೇಲಿನವರಿಗೆ ಬರೆಯೋ ಕಾಗದದಲ್ಲಿ ನನ್ ಮೇಲೇನಾದ್ರೂ ಚಾಡಿ ಇದ್ಯೋ ಏನೋ ಅಂತ ನಂಗೂ ಭಯ ಆಗಲ್ವೇನೋ? ನಂಗೂ ಹೆಂಡ್ತಿ ಮಕ್ಕಳಿದ್ದಾರೆ. ಕಾನ್‌ಸ್ಟೇಬಲ್‌ಗೆ ಎರಡು ಪಟ್ಟು ಅಂದ್ರೆ, ಇನ್ಸ್‌ಪೆಕ್ಟರ್‌ಗೆ ಎಷ್ಟಾಯ್ತು? ನೀನೇ ಹೇಳು."

ನಲ್ಲಪ್ಪ ಪ್ರಾಮಾಣಿಕವಾಗಿ ಮನಸ್ಸಿನಲ್ಲೇ ಕೂಡಿಸಿ, "ನಾಲ್ಕು ಪಟ್ಟು ಆಗ್ಬೌದು ಸ್ವಾಮಿ," ಎಂದ.

"ಬಾಯ್ಮುಚ್ಚು."

ಇನ್ಸ್‌ಪೆಕ್ಟರು ಉತ್ತರ ಬರೆದರು: ಲಕೋಟೆ ತಲುಪಿತು, ಎರಡೂ ಮುದ್ರೆ ಭದ್ರವಾಗಿದ್ದವು, ಪೇದೆ ನಲ್ಲಪ್ಪನ ನಡತೆ ಮೆಚ್ಚತಕ್ಕದ್ದು. ಕೆಳಗೆ, 'ಮೇಲಿನದೆಲ್ಲ ನಿಜ' ಎಂದು ನಲ್ಲಪ್ಪನಿಂದಲೂ ರುಜು ಹಾಕಿಸಿದರು. ರುಜು ಹಾಕುವ ಗಾಬರಿಯಲ್ಲಿ 'ನಲ್ಲಪ್ಪ' ಎಂಬುದರಲ್ಲಿ ಲಕಾರದ ಒತ್ತು ಬಿಟ್ಟುಹೋಯಿತು. ಬೆಳಿಗ್ಗೆಯಿಂದ ಸಂಜೆಯೊಳಗೆ ಈ ಸುಳ್ಳು ರುಜು ಮೂರನೆಯ ತಪ್ಪು, ಮೊದಲೆರಡಕ್ಕಿಂತಲೂ ದೊಡ್ಡದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸಂಜೆಯ ರೈಲಿನಲ್ಲಿ ದಾರಿಯುದ್ದಕ್ಕೂ ಅವನು ಒಂದು ತೀರ್ಮಾನ ಮಾಡಿಕೊಳ್ಳುತ್ತ, ಅದನ್ನು ಮುಂದಿನ ಸ್ಟೇಷನ್ನಿನಲ್ಲಿ ಬಿಟ್ಟುಬಿಡುತ್ತ ಬಂದ. ಮ್ಯಾಜಿಸ್ಟ್ರೇಟರಿಗೆ ನಿಜ ಹೇಳಿಬಿಡಬೇಕು. ಹೇಳಿದರೆ ಇನ್ಸ್‌ಪೆಕ್ಟರು ಮುಳುಗುತ್ತಾರೆ. ಅವರೊಬ್ಬರೇ ಮುಳುಗುತ್ತಾರೆಯೇ? ಲಾಲ್ ಬಾಷಾನ ಕೊಟ್ಟಿಗೆಗೂ ಪೊಲೀಸರು ಬರುತ್ತಾರೆ. ಹೇಳದಿದ್ದರೆ? ಹೇಳದಿದ್ದರೆ ಇನ್ನು ಇಪ್ಪತ್ತು ವರ್ಷ ಹೀಗೇ ಎದೆ ಹಿಡಿದುಕೊಂಡು ಬದುಕಬೇಕು. ಇಳಿಯುವ ಹೊತ್ತಿಗೆ, ಹೇಳುವುದೇ ಸರಿ, ಬೆಳಿಗ್ಗೆಯ ಡಬಲ್ ರೈಡಿನಿಂದಲೇ ಶುರುಮಾಡುವುದು ಎಂದುಕೊಂಡ.

ಮ್ಯಾಜಿಸ್ಟ್ರೇಟರು ಮನೆಯ ಜಗುಲಿಯ ಮೇಲೆ ಕಾಫಿ ಕುಡಿಯುತ್ತ ಕೂತಿದ್ದರು. ಇನ್ನೂ ಬೆಳಕಿತ್ತು. ಉತ್ತರ ಓದಿದ ಕೂಡಲೇ ಅವರ ಮುಖ ಅರಳಿತು.

"ಸ್ವಾಮಿ," ಎಂದು ನಲ್ಲಪ್ಪ ಗಂಟಲು ಸರಿಮಾಡಿಕೊಂಡ. "ಬೆಳಿಗ್ಗೆ ಆಸ್ಪತ್ರೆ ತಿರುವಲ್ಲಿ ತಾವು ನನ್ನ ನೋಡಿದ್ರಿ..."

"ಓ, ಸಲ್ಯೂಟು ಮಾಡಿದ್ದು ನೀನೋ? ನನಗೆ ಏನೋ ದಪ್ಪಗೆ ಅಲ್ಲಾಡಿದ ಹಾಗೆ ಕಂಡಿತು ಅಷ್ಟೇ. ಕನ್ನಡಕ ಮನೆಯಲ್ಲಿ ಮರೆತು ಹೋಗಿದ್ದೆ." ಅವರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. "ನೋಡು ನಲ್ಲಪ್ಪ, ಪೊಲೀಸರನ್ನು ಕಂಡರೆ ನನಗಾಗುವುದಿಲ್ಲ ಅಂತ ಊರಲ್ಲಿ ಅಂದುಕೊಂಡಿದ್ದಾರೆ. ಹಾಗಲ್ಲ. ಪೊಲೀಸನ ಮಾತನ್ನು ಜನ ನಂಬುತ್ತಾರೆ. ಒಬ್ಬ ಪೊಲೀಸ ಸುಳ್ಳು ಹೇಳಿದರೆ ನೂರು ನಿಜ ಸುಳ್ಳಾಗುತ್ತದೆ. ಅದಕ್ಕೇ ಎರಡು ಪಟ್ಟು. ಇವತ್ತು ಒಬ್ಬನಾದರೂ ಸತ್ಯವಂತ ಸಿಕ್ಕಿದ ಅಂತ ನನಗೆ ಎಷ್ಟು ಸಂತೋಷವಾಗಿದೆ ಗೊತ್ತೇ?"

ನಲ್ಲಪ್ಪ ಬಾಯಿ ತೆರೆದ. ಮ್ಯಾಜಿಸ್ಟ್ರೇಟರ ಹೆಂಡತಿ ಒಳಗಿನಿಂದ ಬಂದು, ಅವನ ಕೈಗೂ ಒಂದು ಲೋಟ ಕಾಫಿ ಕೊಟ್ಟರು. ಆ ಬಿಸಿ ಲೋಟ ಹಿಡಿದುಕೊಂಡು ಅವನು ತೆರೆದ ಬಾಯಿಯನ್ನು ಮುಚ್ಚಿದ.

"ಬಡ್ತಿಗೆ ಖಂಡಿತ ಬರೆಯುತ್ತೇನೆ," ಎಂದರು ಮ್ಯಾಜಿಸ್ಟ್ರೇಟರು. "ಆದರೆ ಅದಕ್ಕೂ ಮುಂಚೆ ಒಂದು ಕೆಲಸ. ಮುದ್ರೆ ಒಡೆಯುವ ಆ ಪೊಲೀಸನನ್ನು ಹಿಡಿಯಬೇಕು. ನಿನ್ನನ್ನು ಬಿಟ್ಟು ಬೇರೆ ಯಾರ ಮೇಲೂ ನನಗೆ ನಂಬಿಕೆಯಿಲ್ಲ. ತನಿಖೆ ನಿನಗೇ ವಹಿಸಿದ್ದೇನೆ. ಒಂದು ತಿಂಗಳು ಸಮಯ. ಅಪರಾಧಿ ಎಷ್ಟು ಮೇಲಿನವನಾಗಿದ್ದರೂ ಸರಿ, ಎಷ್ಟು ಕೆಳಗಿನವನಾಗಿದ್ದರೂ ಸರಿ, ತಂದು ನನ್ನ ಮುಂದೆ ನಿಲ್ಲಿಸು. ಆಗದಿದ್ದರೆ ನೀನೂ ಅವರ ಜೊತೆ ಸೇರಿಕೊಂಡೆ ಅಂತಲೇ ನಾನು ತಿಳಿಯಬೇಕಾಗುತ್ತದೆ."

ನಲ್ಲಪ್ಪ ಕಾಫಿ ಕುಡಿದನೋ ಇಲ್ಲವೋ ಅವನಿಗೇ ನೆನಪಿಲ್ಲ. ಮನೆಗೆ ನಡೆದು ಬಂದು ಹೊಸ್ತಿಲ ಮೇಲೆ ಕೂತ. ಸುದ್ದಿ ಕೋರ್ಟಿನ ಜವಾನನ ಬಾಯಲ್ಲಿ ಅವನಿಗಿಂತ ಮುಂಚೆ ಪೊಲೀಸ್ ಲೈನಿಗೆ ಬಂದಿತ್ತು. ಲಕ್ಷ್ಮಿದೇವಮ್ಮ ಮುಖ ಊರಗಲ ಮಾಡಿಕೊಂಡು ಓಡಿ ಬಂದಳು.

"ರೀ, ದೊಡ್ಡ ಕಳ್ಳನ್ನ ಹಿಡಿಯೋ ಕೆಲಸ ನಿಮ್ಗೇ ಕೊಟ್ರಂತೆ? ಇಡೀ ಠಾಣೇಲಿ ನಿಮ್ಮನ್ನೇ ಆರಿಸಿದ್ರಂತೆ?"

"ಹೂಂ."

"ಎಲ್ಲಿಂದ ಹುಡುಕ್ತೀರಿ ಪಾಪ, ಯಾರು ಏನು ಅಂತ ಗೊತ್ತಿಲ್ದೆ?"

"ಗೊತ್ತು ಕಣೇ," ಎಂದ ನಲ್ಲಪ್ಪ ಅಂಗಿಯ ಗುಂಡಿ ಬಿಚ್ಚುತ್ತ. "ಅದೇ ಕಷ್ಟ."